ಕರವೂ ದಾಸೋಹವೂ



ಸಂಸ್ಕೃತದಲ್ಲಿ ‘ಕರ’ ಎಂಬ ಶಬ್ದಕ್ಕೆ ಮೂರು ಅರ್ಥಗಳುಂಟು. ಕರವೆಂದರೆ ಕೈ, ಕರವೆಂದರೆ ಕಿರಣ, ಕರವೆಂದರೆ ಅರಸನಿಗೆ ಸಲ್ಲುವ ತೆರಿಗೆ. ಕೈಯಿಂದ ಕೊಟ್ಟದ್ದು ಕಿರಣದಂತೆ ಬಡವನ ಅಂಗಳವನ್ನೂ ಮುಟ್ಟಿದಾಗ ಮಾತ್ರ ಅದು ಕರವೆನಿಸುತ್ತದೆ. ಮುಟ್ಟದಿದ್ದರೆ ಅದು ಬರಿಯ ಸುಲಿಗೆ.

“ಬುದ್ಧೀ, ಅಂಗಡಿಯಲ್ಲಿ ಒಂದೊಂದು ವಸ್ತುವಿಗೂ ತೆರಿಗೆ ತೆರುತ್ತೇವೆ, ಆದರೂ ನಮ್ಮ ಓಣಿಗೆ ಚರಂಡಿ ಇಲ್ಲವಲ್ಲ” ಎಂದು ಬೀದರ, ಭಾಲ್ಕಿ, ಔರಾದಗಳ ಭಕ್ತರು ನಮ್ಮನ್ನು ಕೇಳುವುದುಂಟು. ಈ ಪ್ರಶ್ನೆ ನ್ಯಾಯವಾದದ್ದು. ಆದುದರಿಂದ ತೆತ್ತ ಹಣ ಹೋಗುವ ದಾರಿಯನ್ನೂ ಬರುವ ದಾರಿಯನ್ನೂ ಇಂದು ವಿಚಾರ ಮಾಡೋಣ.

ಹಿಂದೆ ಊರ ಬಾಗಿಲಲ್ಲಿ ಜಕಾತಿ ನಾಕೆ ಇರುತ್ತಿತ್ತು. ಒಳಬರುವ ಮಾಲಿನ ಜಕಾತಿ ನೇರವಾಗಿ ಪುರಸಭೆಯ ಪೆಟ್ಟಿಗೆಗೆ ಬೀಳುತ್ತಿತ್ತು. 1979ರಲ್ಲಿ ಕರ್ನಾಟಕದಲ್ಲಿ ಜಕಾತಿ ರದ್ದಾಯಿತು. ಮಾರಾಟ ತೆರಿಗೆಯಾದರೋ 1957ರ ಕಾಯಿದೆಯಂತೆ ರಾಜ್ಯ ಸರಕಾರದ್ದೇ ಆಗಿತ್ತು. 2005ರಲ್ಲಿ ಅದರ ಸ್ಥಾನಕ್ಕೆ ಮೌಲ್ಯವರ್ಧಿತ ತೆರಿಗೆ ಬಂದಿತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿ.ಎಸ್.ಟಿ. ಬಂದಿತು.

ಒಂದು ದೃಷ್ಟಾಂತ ಹೇಳುತ್ತೇವೆ. ಭಾಲ್ಕಿಯ ಅಂಗಡಿಯಲ್ಲಿ ಒಂದು ಚೀಲ ಸಿಮೆಂಟಿಗೆ ತೆರಿಗೆ ಬಿಟ್ಟು 400 ರೂಪಾಯಿ ಎಂದಿಟ್ಟುಕೊಳ್ಳಿರಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ತೆರಿಗೆ ಶೇಕಡ 28ರಿಂದ 18ಕ್ಕೆ ಇಳಿದಿದೆ. ಆ ಲೆಕ್ಕದಲ್ಲಿ ತೆರಿಗೆ 72 ರೂಪಾಯಿ. ಅರ್ಧ 36 ಕೇಂದ್ರಕ್ಕೆ, ಅರ್ಧ 36 ರಾಜ್ಯಕ್ಕೆ. ಭಾಲ್ಕಿಯ ಪುರಸಭೆಗೆ ನೇರವಾಗಿ ಒಂದು ಪೈಸೆಯೂ ಇಲ್ಲ. ಪುರಸಭೆಗೆ ತನ್ನದೆಂಬುದು ಆಸ್ತಿ ತೆರಿಗೆ, ನೀರಿನ ಕರ, ಪರವಾನಗಿ ಶುಲ್ಕ ಇತ್ಯಾದಿ. ಉಳಿದದ್ದು ಮೇಲಿನಿಂದ ಇಳಿದು ಬರಬೇಕು.

ಇಳಿದು ಬರುವ ದಾರಿಗಳೂ ಉಂಟು. ಸಂವಿಧಾನದ 74ನೆಯ ತಿದ್ದುಪಡಿಯಂತೆ ರಾಜ್ಯ ಹಣಕಾಸು ಆಯೋಗವು ರಾಜ್ಯದ ವರಮಾನದಲ್ಲಿ ನಗರ, ಪಟ್ಟಣಗಳ ಪಾಲು ಎಷ್ಟೆಂದು ಶಿಫಾರಸು ಮಾಡುತ್ತದೆ. ಹದಿನೈದನೆಯ ಕೇಂದ್ರ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ಕೇಂದ್ರದ ಹಂಚಬಹುದಾದ ತೆರಿಗೆಯಲ್ಲಿ ಶೇಕಡ 41ನ್ನು ರಾಜ್ಯಗಳಿಗೆ ಕೊಡಬೇಕೆಂದಿತು. ಸ್ಥಳೀಯ ಸಂಸ್ಥೆಗಳಿಗೆ ಪ್ರತ್ಯೇಕ ಅನುದಾನ ಹೇಳಿ, ಅದರಲ್ಲೊಂದು ಭಾಗ ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಮೀಸಲೆಂದಿತು.

ನಮ್ಮ ಭಾಗಕ್ಕೆ ಮತ್ತೊಂದು ದಾರಿಯುಂಟು. 2002ರಲ್ಲಿ ಡಾ. ನಂಜುಂಡಪ್ಪನವರ ಸಮಿತಿ 114 ಹಿಂದುಳಿದ ತಾಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದ 39ರ ಸಾಲಿನಲ್ಲಿ ಭಾಲ್ಕಿಯೂ ಔರಾದವೂ ಸೇರಿದವು. ಬಳಿಕ 371(ಜೆ) ವಿಧಿ ಬಂದು, 2013ರಲ್ಲಿ ಪ್ರದೇಶಾಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು. 2025-26ರ ರಾಜ್ಯ ಬಜೆಟ್ಟಿನಲ್ಲಿ ಅದಕ್ಕೆ 5000 ಕೋಟಿ ರೂಪಾಯಿ ಹೇಳಲಾಗಿದೆ. ನೀವು ಕೊಂಡ ಸಿಮೆಂಟಿನ ತೆರಿಗೆಯ ಹನಿಯೂ ಆ ಕೊಡದಲ್ಲಿದೆ.

ಬೀದರದ ನೌಬಾದದಲ್ಲಿ ಬಹಮನಿ ಕಾಲದ ಸುರಂಗ ಬಾವಿಯನ್ನು ನೀವು ಕಂಡಿದ್ದೀರಿ. ನೆಲದೊಳಗೆ ನೀರು ಕಣ್ಣಿಗೆ ಕಾಣದೆ ಹರಿಯುತ್ತದೆ. ನಡುನಡುವೆ ಮೇಲಿಂದ ಬಾವಿಯಂತೆ ಕಿಂಡಿಗಳನ್ನು ತೋಡಿದ್ದಾರೆ. ಇಳಿದು ನೋಡಲು, ಹೂಳು ತೆಗೆಯಲು ಆ ಕಿಂಡಿಗಳೇ ದಾರಿ. ತೆರಿಗೆಯೂ ಹಾಗೆಯೇ ಕಾಣದೆ ಹರಿಯುವ ನೀರು. ಬಜೆಟ್ಟಿನ ಪುಸ್ತಕವೇ ಅದರ ಕಿಂಡಿ. ಕಿಂಡಿ ಮುಚ್ಚಿದರೆ ಹೂಳು ತುಂಬುತ್ತದೆ. ಬಜೆಟ್ ಪೂರ್ವಭಾವಿ ಸಭೆಗೆ ಹೋಗದೆ, ಹೋದ ವರ್ಷದ ಲೆಕ್ಕ ಕೇಳದೆ, ಮನೆಯ ಕಟ್ಟೆಯ ಮೇಲೆ ಕುಳಿತು ಬೈದರೆ ಚರಂಡಿ ಆಗುವುದಿಲ್ಲ.

ಇನ್ನು ನಮ್ಮ ಕಡೆಯ ಮಾತು. ಔರಾದದವರು ಉದಗೀರಕ್ಕೆ ಹೋಗಿ ಅಲ್ಲಿಯ ಅಂಗಡಿಯಲ್ಲಿ ಕೊಂಡು ತಂದರೆ ರಾಜ್ಯದ ಪಾಲು ಮಹಾರಾಷ್ಟ್ರಕ್ಕೆ ಸಲ್ಲುತ್ತದೆ. ಅದು ತಪ್ಪಲ್ಲ, ಗಡಿಯ ಜನರ ಬಾಳೇ ಹಾಗೆ. ಆದರೆ ತೆರಿಗೆ ಕೊಡಬೇಕಾದ ಅಂಗಡಿಕಾರನಿಂದ “ಪಾವತಿ ಬೇಡ, ನಾಲ್ಕು ಕಾಸು ಕಡಿಮೆ ಮಾಡಪ್ಪಾ” ಎಂದು ಕೊಂಡರೆ ಆ ಪಾಲು ಯಾರಿಗೂ ಸಲ್ಲದು.

ಇದಕ್ಕಿಂತ ಕಠಿಣವಾದ ಮಾತೊಂದನ್ನು ವ್ಯಾಪಾರಿ ಭಕ್ತರಿಗೆ ಹೇಳಬೇಕಾಗಿದೆ. ಗಿರಾಕಿಯಿಂದ ತೆರಿಗೆ ಪಡೆದು, ಅದನ್ನು ಕಟ್ಟದೆ ಉಳಿಸಿಕೊಂಡು, ಅದರಲ್ಲಿ ಒಂದು ಭಾಗವನ್ನು ಜಾತ್ರೆಯ ದಾಸೋಹಕ್ಕೆ ತಂದುಕೊಟ್ಟರೆ ಅದು ದಾಸೋಹವಲ್ಲ. ದಾಸೋಹಕ್ಕೆ ಕಾಯಕದ ಹಣ ಬೇಕು. ಅದು ನಿಮ್ಮ ಕಾಯಕದ ಹಣವಲ್ಲ. ಗಿರಾಕಿ ಊರಿಗೆಂದು ನಿಮ್ಮ ಕೈಯಲ್ಲಿಟ್ಟ ನಂಬಿಗೆ. ಅಂಥ ಕಾಣಿಕೆ ಮಠಕ್ಕೆ ಬೇಡ. ಅದರಿಂದ ಪ್ರಸಾದದ ಕೊಪ್ಪರಿಗೆ ಒಂದು ದಿನ ಬರಿದಾದರೂ ನಮಗೆ ಚಿಂತೆಯಿಲ್ಲ. ಮೊದಲು ಅದನ್ನು ಕಟ್ಟಿರಿ. ಆಮೇಲೆ ನಿಮ್ಮದರಲ್ಲಿ ಒಂದು ಹಿಡಿ ಜೋಳ ತಂದರೂ ಅದು ನಮಗೆ ದೊಡ್ಡದು.

ಇದೇ ಜಿಲ್ಲೆಯ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಬೊಕ್ಕಸದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂಬ ದೂರು ಬಂದಿತೆಂದೂ, ಲೆಕ್ಕ ನೋಡಿದಾಗ ಏನೂ ಕಡಿಮೆ ಬೀಳಲಿಲ್ಲವೆಂದೂ ನಮ್ಮ ಪರಂಪರೆ ಹೇಳುತ್ತದೆ. ಅಣ್ಣನವರ ದಾಸೋಹ ಬೇರೆ, ಅರಸನ ಬೊಕ್ಕಸ ಬೇರೆ. ಆ ಗೆರೆಯನ್ನು ಅವರು ದಾಟಲಿಲ್ಲ.

ಲೆಕ್ಕ ಕೇಳುವವನಿಗೆ ಲೆಕ್ಕ ಕೊಡುವ ಧೈರ್ಯವೂ ಇರಬೇಕು. ತೆರುವವನ ಪೆಟ್ಟಿಗೆ ಶುದ್ಧವಾಗಲಿ, ಪಡೆಯುವವರ ಪುಸ್ತಕವೂ ಶುದ್ಧವಾಗಲಿ. ಆಗ ಔರಾದದ ಕೊನೆಯ ಓಣಿಗೂ ನೀರು ಬಂದೀತು. ನಿಮಗೆಲ್ಲರಿಗೂ ಅಂಥ ಬುದ್ಧಿಯೂ ಬಲವೂ ಬರಲೆಂದು ಹಾರೈಸುತ್ತೇವೆ.