ಉಸಿರಾಟದ ಯಂತ್ರ ಮತ್ತು ಅದನ್ನು ನಡೆಸುವ ಕೈ

(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಯಂತ್ರವೆಂದರೇನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮುಂದೆ ನಿಲ್ಲುವ ಆಳಿಲ್ಲದಿದ್ದರೆ ಎಂಥ ಯಂತ್ರವೂ ಬರಿಯ ಕಬ್ಬಿಣ. ಆಸ್ಪತ್ರೆಯ ವೆಂಟಿಲೇಟರಿನ ಕಥೆಯೂ ಇದೇ. 2020ರಲ್ಲಿ ಕೋವಿಡ್ ಬಂದಾಗ ಆ ಹೆಸರು ಮನೆಮನೆಗೂ ತಿಳಿಯಿತು. ಆದರೆ ಅದು ಹುಟ್ಟಿದ ಬಗೆ ಬಲ್ಲವರು ಕಡಿಮೆ.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿತು. ರೋಗಿಗಳಿಗೆ ನುಂಗಲಾಗದು, ಉಸಿರೆಳೆಯಲಾಗದು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ರೋಗಿಯನ್ನು ಒಳಗೆ ಮಲಗಿಸಿ ಉಸಿರಾಡಿಸುವ ಕಬ್ಬಿಣದ ಪೆಟ್ಟಿಗೆ ಇದ್ದದ್ದು ಒಂದೇ. ಎದೆಗೆ ಕಟ್ಟುವ ಸಾಧನಗಳು ಆರು. ಹೀಗೆ ಚಿಕಿತ್ಸೆ ಪಡೆದ ಮೊದಲ 31 ಮಂದಿಯಲ್ಲಿ 27 ಮಂದಿ ತೀರಿಹೋದರು.

ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರನ್ನು ಕರೆಸಿದರು. ಅವರು ಹೇಳಿದ್ದು ಸರಳ: ಇವರು ಸಾಯುತ್ತಿರುವುದು ಒಳಗಿನ ಇಂಗಾಲಾಮ್ಲ ವಾಯು ಹೊರಬಾರದೆ. ಆಗಸ್ಟ್ 27ರಂದು ಸಾಯುವ ಸ್ಥಿತಿಯಲ್ಲಿದ್ದ 12 ವರ್ಷದ ಹುಡುಗಿಯೊಬ್ಬಳ ಗಂಟಲಲ್ಲಿ ರಂಧ್ರ ಮಾಡಿಸಿ, ನಳಿಗೆ ಇಳಿಸಿ, ರಬ್ಬರ್ ಚೀಲವನ್ನು ಕಮ್ಮಾರನ ತಿದಿಯಂತೆ ಕೈಯಿಂದಲೇ ಒತ್ತಿದರು. ಹುಡುಗಿ ಬದುಕಿದಳು.

ಆದರೆ ಚೀಲ ಒತ್ತುವ ಕೈ ಒಂದು ಗಳಿಗೆಯೂ ನಿಲ್ಲುವಂತಿಲ್ಲ. ಒಮ್ಮೊಮ್ಮೆ 70 ರೋಗಿಗಳಿದ್ದರು. ಸುಮಾರು 1500 ವಿದ್ಯಾರ್ಥಿಗಳು ಬಂದರು. ಹಗಲೂ ರಾತ್ರಿ ಪಾಳಿಯ ಮೇಲೆ ಹಾಸಿಗೆಯ ತಲೆದೆಸೆಯಲ್ಲಿ ಕೂತು, ತಿಂಗಳುಗಟ್ಟಲೆ ಪರರ ಉಸಿರನ್ನು ತಮ್ಮ ಕೈಯಿಂದ ನಡೆಸಿದರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಸ್ವೀಡನ್ನಿನ ಎಂಗ್‌ಸ್ಟ್ರಾಮ್ ಮೊದಲಾದವರ ಯಂತ್ರಗಳು ಆ ಕೈಯ ಕೆಲಸವನ್ನು ವಹಿಸಿಕೊಂಡದ್ದು ಆಮೇಲೆ. ಕಡುರೋಗಿಗಳನ್ನು ಒಂದೆಡೆ ಇರಿಸಿ ಹಗಲಿರುಳು ಕಾಯುವ ವಾರ್ಡನ್ನು ಇಬ್ಸೆನ್ 1953ರಲ್ಲಿ ತೆರೆದರು.

ಯಂತ್ರ ಬಂದ ಮಾತ್ರಕ್ಕೆ ಕಲಿಯುವುದು ಮುಗಿಯಲಿಲ್ಲ. ಹೆಚ್ಚು ಗಾಳಿ ನೂಕಿದರೆ ಹೆಚ್ಚು ಒಳಿತೆಂದು ಬಹುಕಾಲ ನಂಬಿದ್ದರು. ಊದಿಕೊಂಡ ಪುಪ್ಪುಸಕ್ಕೆ ಆ ಒತ್ತಡವೇ ಪೆಟ್ಟು. 2000ದಲ್ಲಿ ಅಮೆರಿಕದ ವೈದ್ಯರು ಗಾಳಿಯ ಅಳತೆಯನ್ನು ಅರ್ಧಕ್ಕೆ ಇಳಿಸಿ ನೋಡಿದರು: ನೂರಕ್ಕೆ ಸುಮಾರು 40 ಇದ್ದ ಸಾವು 31ಕ್ಕೆ ಇಳಿಯಿತು. 2013ರಲ್ಲಿ ಫ್ರಾನ್ಸಿನ ವೈದ್ಯರು ತೀವ್ರ ಸ್ಥಿತಿಯ ರೋಗಿಗಳನ್ನು ದಿನಕ್ಕೆ 16 ಗಂಟೆಯಾದರೂ ಬೋರಲು ಮಲಗಿಸಿದರು. 28 ದಿನಗಳೊಳಗಿನ ಸಾವು ನೂರಕ್ಕೆ 33ರಿಂದ 16ಕ್ಕೆ ಇಳಿಯಿತು. ಇದಕ್ಕೆ ಹೊಸ ಯಂತ್ರ ಬೇಕಿರಲಿಲ್ಲ. ನಳಿಗೆ ಜಾರದಂತೆ ಹಿಡಿದು ರೋಗಿಯನ್ನು ಮೆಲ್ಲನೆ ಹೊರಳಿಸುವ ನಾಲ್ಕೈದು ಜನ ಬೇಕಿತ್ತು.

ಆದುದರಿಂದ ಗೆಳೆಯರೆ, ನಮ್ಮ ಆಸ್ಪತ್ರೆಗೆ ವೆಂಟಿಲೇಟರ್ ಬಂತೆಂದು ಯಾರಾದರೂ ಹೇಳಿದರೆ ಸಂತೋಷಪಡಿ. ಜೊತೆಗೇ ಇನ್ನೊಂದು ಮಾತು ಕೇಳಿ: ಅದನ್ನು ಬಲ್ಲ ದಾದಿಯರೆಷ್ಟು? ವೈದ್ಯರೆಷ್ಟು? ರಾತ್ರಿ ಪಾಳಿಗೂ ಇದ್ದಾರೆಯೆ? ಈ ಪ್ರಶ್ನೆಗೆ ಉತ್ತರ ಸಿಗುವ ತನಕ ಸುಮ್ಮನಾಗಬೇಡಿ. ಉಸಿರಿಗೆ ರಜೆಯಿಲ್ಲ, ಅದನ್ನು ಕಾಯುವ ಪಾಳಿಯೂ ಖಾಲಿ ಇರಬಾರದು.