ಎಪ್ಪತ್ತೈದು ರೂಪಾಯಿಯ ಪ್ರೊಫೆಸರರು
(ಕಾಲೇಜಿನ ಅಧ್ಯಾಪಕ-ವಿದ್ಯಾರ್ಥಿಗಳ ಕೂಟದಲ್ಲಿ ಮಾಡಿದ ಭಾಷಣ)



ಕಾಲೇಜಿನ ಗುರುಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದು ನಿಮ್ಮ ಸಂಘದವರು ನನಗೆ ಅಪ್ಪಣೆ ಮಾಡಿದ್ದಾರೆ. ಇಲ್ಲಿಗೆ ಬಂದ ಮೇಲೆ ಕಿವಿಗೆ ಬಿದ್ದ ಸಂಗತಿಯೊಂದು ನನ್ನ ಕೆಲಸವನ್ನು ಹಗುರ ಮಾಡಿತು. ಅಧ್ಯಾಪಕನಾದವನು ಪಾಠ ಮುಗಿಸಿ ಉಳಿದ ಹೊತ್ತಿನಲ್ಲಿ ಹೊರಗಿನ ಕಾರ್ಯಗಳಿಗೆ ಕೈಹಾಕಬಹುದೋ ಕೂಡದೋ ಎಂಬ ವಾದವು ನಿಮ್ಮಲ್ಲಿ ಎದ್ದಿದೆಯಂತೆ. ಪರಸ್ಥಳದವನಾದ ನಾನು ಅದಕ್ಕೆ ತೀರ್ಪು ಕೊಡಲು ಬಂದಿಲ್ಲ. ಆದರೆ ಇದೇ ವ್ಯಾಜ್ಯವು 1890ರಲ್ಲಿ ಪುಣೆಯ ಒಂದು ಚಿಕ್ಕ ಕಾಲೇಜಿನಲ್ಲಿ ನಡೆದುಹೋಗಿದೆ. ಅದರ ವಾದಿ ಪ್ರತಿವಾದಿಗಳು ಸಾಮಾನ್ಯರೂ ಅಲ್ಲ. ಆ ಹಳೆಯ ಕಟ್ಟನ್ನು ಬಿಚ್ಚಿ ನಿಮ್ಮ ಮುಂದಿಡುವದು ವಕೀಲನಾದ ನನಗೆ ಒಪ್ಪುವ ಕೆಲಸ.

ಆ ಕಾಲೇಜು ಫರ್ಗ್ಯುಸನ್ ಕಾಲೇಜು. ಇಂದಿನ ಅದರ ವಿಸ್ತಾರವನ್ನು ಕಂಡವರು ಅದರ ಮೊದಲಿನ ಸ್ಥಿತಿಯನ್ನು ನಂಬಲಾರರು. 1885ರ ಜನವರಿ 2ರಂದು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಪ್ರಿನ್ಸಿಪಾಲರಾದ ವರ್ಡ್ಸ್‌ವರ್ಥರು (ಇವರು ಅದೇ ಹೆಸರಿನ ಇಂಗ್ಲಿಷ್ ಕವಿಯ ಮೊಮ್ಮಕ್ಕಳು) ಅದನ್ನು ಉದ್ಘಾಟಿಸಿದಾಗ ಅದಕ್ಕೆ ತನ್ನದೆಂಬ ಕಟ್ಟಡವಿರಲಿಲ್ಲ. ಊರೊಳಗಿನ ವಾಡೆಯೊಂದರಲ್ಲಿ ವರ್ಗಗಳು ಕೂಡುತ್ತಿದ್ದವು. ಗುಡ್ಡದ ಮಗ್ಗುಲಿನ ಸ್ವಂತ ಕಟ್ಟಡಕ್ಕೆ ಹೋಗಲು ಹತ್ತು ವರ್ಷಗಳು ಬೇಕಾದವು. ಮುಂಬಯಿಯ ಗವರ್ನರನಾಗಿದ್ದ ಸರ್ ಜೇಮ್ಸ್ ಫರ್ಗ್ಯುಸನ್ನನ ಹೆಸರನ್ನು ಇಟ್ಟುಕೊಂಡರಾದರೂ ಸರಕಾರದ ಅಂಕಿತದಲ್ಲಿರಲು ಅದನ್ನು ಕಟ್ಟಿದವರು ಒಪ್ಪಿದವರಲ್ಲ.

ಕಟ್ಟಿದವರಾದರೂ ಯಾರು? ಸರಕಾರದ ನೌಕರಿಯನ್ನು ಬಿಟ್ಟು ಬಂದ ವಿಷ್ಣುಶಾಸ್ತ್ರಿ ಚಿಪಳೂಣಕರರು 1880ರಲ್ಲಿ ನ್ಯೂ ಇಂಗ್ಲಿಷ್ ಸ್ಕೂಲನ್ನು ತೆಗೆದರು. ಅವರೊಡನೆ ಕೂಡಿದವರು ಆಗತಾನೆ ಡೆಕ್ಕನ್ ಕಾಲೇಜಿನ ವಿದ್ಯಾಭ್ಯಾಸವನ್ನು ಮುಗಿಸುತ್ತಿದ್ದ ಬಾಳ ಗಂಗಾಧರ ಟಿಳಕರು ಮತ್ತು ಗೋಪಾಳ ಗಣೇಶ ಆಗರಕರರು, ಜೊತೆಗೆ ನಾಮಜೋಶಿಯವರು. ಚಿಪಳೂಣಕರರು 1882ರಲ್ಲಿಯೇ ತೀರಿಕೊಂಡರು. ಅದೇ ವರ್ಷ ಕೊಲ್ಲಾಪುರದ ದಿವಾಣನ ವಿಷಯವಾಗಿ ಪತ್ರಿಕೆಯಲ್ಲಿ ಬರೆದದ್ದಕ್ಕಾಗಿ ಟಿಳಕ ಆಗರಕರರಿಬ್ಬರೂ ಮುಂಬಯಿಯ ಡೋಂಗರಿ ಸೆರೆಮನೆಯಲ್ಲಿ 101 ದಿನಗಳನ್ನು ಕಳೆದರು. ಸೆರೆಮನೆಯಿಂದ ಬಂದ ಇಂಥ ಮಾಸ್ತರರ ಶಾಲೆಗೆ ಪಾಲಕರು ಮಕ್ಕಳನ್ನು ಕಳಿಸುವದನ್ನು ನಿಲ್ಲಿಸಲಿಲ್ಲವೆಂಬದನ್ನು ನೆನಪಿನಲ್ಲಿಡಿರಿ. 1884ರಲ್ಲಿ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿ ಹುಟ್ಟಿತು, ಮರುವರ್ಷ ಕಾಲೇಜು.

ಸೊಸಾಯಿಟಿಯ ಜೀವಾಳವೆಂದರೆ ಆಜೀವ ಸದಸ್ಯರ ಪದ್ಧತಿ. ಸದಸ್ಯನಾದವನು 20 ವರ್ಷ ಸಂಸ್ಥೆಗೆ ದುಡಿಯಬೇಕು. ಸಂಬಳ ಹೊಟ್ಟೆಬಟ್ಟೆಗೆ ಸಾಲುವಷ್ಟು. ಮುಂದೆ 75 ರೂಪಾಯಿಯೆಂದು ಲೋಕಪ್ರಸಿದ್ಧವಾದ ಸಂಬಳ ಇದೇ. ಪದವೀಧರನು ವಿರಳನಾಗಿದ್ದ ಆ ಕಾಲದಲ್ಲಿ ಸರಕಾರವು ಅದರ ಹಲವು ಪಟ್ಟು ಕೊಡುತ್ತಿತ್ತು. ಆಗರಕರರು ಕಡು ಬಡವರು. ಎಂ.ಎ. ಮುಗಿಯುವ ಹೊತ್ತಿಗೆ ಅವರು ತಾಯಿಗೆ ಬರೆದ ಪತ್ರ ಪ್ರಸಿದ್ಧವಾಗಿದೆ: ಮಗನು ದೊಡ್ಡ ಸಂಬಳದವನಾಗುವನೆಂದು ಆಶೆಪಡಬೇಡ, ಸಾಲುವಷ್ಟರಲ್ಲಿ ತೃಪ್ತನಾಗಿ ಲೋಕಕ್ಕಾಗಿ ದುಡಿಯುವೆನು ಎಂದು ಅದರ ಸಾರ. ಓದಿದ ಮಗನ ಕಡೆಗೆ ಕಣ್ಣಿಟ್ಟು ಕುಳಿತ ಬಡ ತಾಯಿಗೆ ಆ ಪತ್ರ ಹೇಗೆ ಕಂಡೀತೆಂಬದನ್ನು ಚರಿತ್ರಕಾರರು ವಿಚಾರಿಸಿಲ್ಲ. ನನಗೆ ಮಾತ್ರ ಆ ಪದ್ಧತಿಯ ಅರ್ಧ ಭಾರವನ್ನು ಮನೆಯ ಹೆಂಗಸರು ಹೊತ್ತರೆಂದು ತೋರುತ್ತದೆ.

ಮೊದಲನೆಯ ಪ್ರಿನ್ಸಿಪಾಲರು ವಾಮನ ಶಿವರಾಮ ಆಪಟೆಯವರು. ಇಂದಿಗೂ ಸಂಸ್ಕೃತ ಓದುವವರ ಮೇಜಿನ ಮೇಲಿರುವ ಕೋಶ ಇವರದೇ. ಅದು ಹೊರಬಂದದ್ದು 1890ರಲ್ಲಿ; ಎರಡೇ ವರ್ಷಗಳಲ್ಲಿ, ನಲವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. ಟಿಳಕರು ಗಣಿತದವರು. ಆಗರಕರರು ಇತಿಹಾಸ ತರ್ಕಗಳನ್ನು ಹೇಳುತ್ತಿದ್ದರು. 1866ರಲ್ಲಿ ಹುಟ್ಟಿದ ಗೋಪಾಳ ಕೃಷ್ಣ ಗೋಖಲೆಯವರು ಇವರೆಲ್ಲರಲ್ಲಿ ಕಿರಿಯರು. ಯಾವ ವರ್ಗಕ್ಕೆ ಗುರುವಿಲ್ಲವೋ ಅಲ್ಲಿಗೆ ಗೋಖಲೆಯವರು. ಗಣಿತ, ಇಂಗ್ಲಿಷ್, ಇತಿಹಾಸ, ಅರ್ಥಶಾಸ್ತ್ರ, ಎಲ್ಲವನ್ನೂ ಕಲಿಸಿದರು. ರಾತ್ರಿ ಓದಿ ಹಗಲು ಹೇಳುವ ಆ ಪರಿಪಾಟಿಯನ್ನು ಚಿಕ್ಕ ಕಾಲೇಜುಗಳ ಅಧ್ಯಾಪಕರಿಗೆ ನಾನು ವಿವರಿಸಬೇಕಾಗಿಲ್ಲ.

ಇನ್ನು ವ್ಯಾಜ್ಯಕ್ಕೆ ಬರುವೆನು. ಗೋಖಲೆಯವರು ಅಂಕಗಣಿತದ ಪಠ್ಯಪುಸ್ತಕ ಬರೆದರು. ಅದರಿಂದ ಒಂದಿಷ್ಟು ಪ್ರಾಪ್ತಿಯೂ ಆಯಿತು. 1890ರಲ್ಲಿ ಸಾರ್ವಜನಿಕ ಸಭೆಯ ಕಾರ್ಯದರ್ಶಿಯಾದರು. ಉಳಿದ ಕೆಲವರು ಸಂಸಾರ ಬೆಳೆದುದರಿಂದ ಸಂಬಳ ಏರಬೇಕೆಂದರು. ಟಿಳಕರು ಇದಕ್ಕೆಲ್ಲ ಅಡ್ಡವಾಗಿ ನಿಂತರು. ಸದಸ್ಯನ ಹೊತ್ತೂ ಶಕ್ತಿಯೂ ಸಂಸ್ಥೆಗೆ ಅರ್ಪಿತವಾದವು. ಹೊರಗೆ ಗಳಿಸಿದ್ದು ಸಂಸ್ಥೆಯ ಪೆಟ್ಟಿಗೆಗೆ ಬೀಳಬೇಕು. ಇಲ್ಲವಾದರೆ ನಾವು ಮಾಡಿದ ಪ್ರತಿಜ್ಞೆಗೆ ಅರ್ಥವೇನು? ಇದು ಅವರ ವಾದ. ಬಹುಮತ ಅವರ ಕಡೆಗಿರಲಿಲ್ಲ. ಆ ವರ್ಷದ ಡಿಸೆಂಬರದಲ್ಲಿ ಕಾರಣಗಳನ್ನೆಲ್ಲ ಬಿಡಿಸಿ ಬರೆದ ಸುದೀರ್ಘ ರಾಜೀನಾಮೆಯನ್ನು ಕೊಟ್ಟು ತಾವೇ ಹುಟ್ಟಿಸಿದ ಸಂಸ್ಥೆಯಿಂದ ಹೊರಬಿದ್ದರು. ಸುಧಾರಣೆಯ ವಿಷಯದಲ್ಲಿ ಆಗರಕರರಿಗೂ ಅವರಿಗೂ ಇದ್ದ ವೈಮನಸ್ಸು ಇದರಲ್ಲಿ ಬೆರೆತಿರಲಿಲ್ಲವೆಂದು ನಾನು ಹೇಳಲಾರೆನು.

ಕರಾರಿನ ಅಕ್ಷರವನ್ನು ಹಿಡಿದರೆ ಟಿಳಕರ ಪಕ್ಷ ಬಲವಾದದ್ದು. ಪ್ರತಿಜ್ಞೆ ಮಾಡಿ ಐದಾರು ವರ್ಷಗಳಲ್ಲಿ ಅದರ ಅರ್ಥವನ್ನು ಸಡಿಲಿಸುವದು ನ್ಯಾಯವಲ್ಲ. ಆದರೆ ಅವರ ವಾದದಲ್ಲಿ ಹೊತ್ತು, ಹಣ ಎಂಬ ಎರಡು ಪ್ರಶ್ನೆಗಳು ಒಂದೇ ಗಂಟಾಗಿವೆ. ಅವನ್ನು ಬಿಡಿಸಿ ನೋಡುವ ಸಂಧಿ ತಾನಾಗಿಯೇ ಒದಗಿತು. ಟಿಳಕರು ತೆರವು ಮಾಡಿದ ಗಣಿತದ ಸ್ಥಾನಕ್ಕೆ 1891ರಲ್ಲಿ ಗೋಖಲೆಯವರು ಕರೆತಂದದ್ದು ತಮ್ಮ ಸಹಪಾಠಿ ಧೋಂಡೋ ಕೇಶವ ಕರ್ವೆಯವರನ್ನು.

ಕರ್ವೆಯವರು 1893ರಲ್ಲಿ ವಿಧವೆಯೊಬ್ಬಳನ್ನು ಮದುವೆಯಾಗಿ ಊರವರ ಬಹಿಷ್ಕಾರಕ್ಕೆ ಗುರಿಯಾದರು. 1896ರಲ್ಲಿ ವಿಧವೆಯರಿಗಾಗಿ ಆಶ್ರಮ ತೆಗೆದರು. ಅದು ಪುಣೆಯ ಹೊರಗಿನ ಹಿಂಗಣೆಯಲ್ಲಿ ಗುಡಿಸಲಾಗಿ ನೆಲೆನಿಂತ ಮೇಲೆ ಕಾಲೇಜಿಗೂ ಆಶ್ರಮಕ್ಕೂ ಮೈಲುಗಟ್ಟಲೆ ಕಾಲುನಡಿಗೆಯಲ್ಲಿ ಓಡಾಡಿದರು. ಹಗಲು ಬೀಜಗಣಿತ, ಉಳಿದ ಹೊತ್ತು ಆಶ್ರಮ. ರಜೆ ಬಂದರೆ ಚಂದಾ ಎತ್ತಲು ಊರೂರು. 1914ರವರೆಗೆ ಹೀಗೆಯೇ ನಡೆಯಿತು. 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು, 1958ರಲ್ಲಿ ಭಾರತರತ್ನರಾದರು, ನೂರು ದಾಟಿ 1962ರವರೆಗೆ ಬದುಕಿದರು. ಹೊತ್ತಿನ ನಿಯಮವನ್ನು ಟಿಳಕರಂತೆ ಬಿಗಿಹಿಡಿದಿದ್ದರೆ ಕರ್ವೆಯವರು ಆಶ್ರಮವನ್ನಾಗಲಿ ಕಾಲೇಜನ್ನಾಗಲಿ ಬಿಡಬೇಕಾಗುತ್ತಿತ್ತು. ಹಣದ ನಿಯಮವಾದರೋ ಅವರನ್ನು ಮುಟ್ಟುವಂತೆಯೇ ಇರಲಿಲ್ಲ. ಆದುದರಿಂದ ಹಣದ ವಿಷಯದಲ್ಲಿ ನಾನು ಟಿಳಕರ ಕಡೆಗೆ, ಹೊತ್ತಿನ ವಿಷಯದಲ್ಲಿ ಗೋಖಲೆಯವರ ಕಡೆಗೆ.

ಬೇರೆಯಾದವರು ಒಬ್ಬರನ್ನೊಬ್ಬರು ಮರೆತರೆಂದು ತಿಳಿಯಬೇಡಿರಿ. ಬದುಕಿರುವಾಗಲೇ ತನ್ನ ಅಣಕು ಶವಯಾತ್ರೆಯನ್ನು ಕಂಡ ಆಗರಕರರು ಪ್ರಿನ್ಸಿಪಾಲರಾಗಿದ್ದಾಗಲೇ 1895ರಲ್ಲಿ, ದಮ್ಮಿನಿಂದ ಜರ್ಜರಿತರಾಗಿ, ಮೂವತ್ತೊಂಬತ್ತು ತುಂಬುವ ಮೊದಲೇ ಮಡಿದರು. ಕೇಸರಿಯಲ್ಲಿ ಅವರ ಮೃತ್ಯುಲೇಖವನ್ನು ಬರೆದವರು ಟಿಳಕರೇ.

ವಿದ್ಯಾರ್ಥಿಗಳಿಗೂ ಒಂದು ಮಾತು ಹೇಳುವೆನು. ಕೇಂಬ್ರಿಜಿನಲ್ಲಿ 1899ರಲ್ಲಿ ಸೀನಿಯರ್ ರ್‍ಯಾಂಗ್ಲರರಾದ ಮೊದಲ ಭಾರತೀಯ ರಘುನಾಥ ಪರಾಂಜಪೆಯವರು ದೊಡ್ಡ ಹುದ್ದೆಗಳನ್ನು ಬಿಟ್ಟು, ಕೊಟ್ಟ ಮಾತಿನಂತೆ ಇದೇ ಅಲ್ಪ ಸಂಬಳಕ್ಕೆ ಬಂದು 1902ರಲ್ಲಿ ಪ್ರಿನ್ಸಿಪಾಲರಾದರು. 1905ರಲ್ಲಿ ಪರದೇಶೀ ಬಟ್ಟೆಗಳ ಹೋಳಿ ಮಾಡಿದ್ದಕ್ಕಾಗಿ ವಿನಾಯಕ ಸಾವರಕರನೆಂಬ ವಿದ್ಯಾರ್ಥಿಗೆ 10 ರೂಪಾಯಿ ದಂಡ ಹಾಕಿ ವಸತಿಗೃಹದಿಂದ ಹೊರಗೆ ಹಾಕಿದವರೂ ಅವರೇ. ಟಿಳಕರು ಕೇಸರಿಯಲ್ಲಿ ಆ ಗುರುಗಳನ್ನು ಚೆನ್ನಾಗಿ ಝಾಡಿಸಿದರು. ತ್ಯಾಗ ಮಾಡಿದ ಗುರುವೆಲ್ಲ ವಿದ್ಯಾರ್ಥಿಯ ಮನಸ್ಸನ್ನು ತಿಳಿಯುವನೆಂಬ ನಿಯಮವಿಲ್ಲ.

ಇದೆಲ್ಲ ಮರಾಠಿಗರ ಕಥೆ, ನಮಗೇನು ಎಂದೀರಿ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆಗುವವರೆಗೆ ಮುಂಬಯಿ ಇಲಾಖೆಯ ಕನ್ನಡ ಹುಡುಗನಿಗೆ ಕಾಲೇಜೆಂದರೆ ಬಹುಮಟ್ಟಿಗೆ ಪುಣೆಯೇ. ಆಲೂರ ವೆಂಕಟರಾಯರು ಫರ್ಗ್ಯುಸನ್ನಿನಲ್ಲಿ ಓದಿದರು; ಮರಾಠಿಗರ ಅಭಿಮಾನವನ್ನು ಕಣ್ಣಾರೆ ಕಂಡು ಬಂದವರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಕೊಟ್ಟರು. ಬೇಂದ್ರೆಯವರು 1918ರಲ್ಲಿ ಅಲ್ಲಿಂದಲೇ ಬಿ.ಎ. ಆದರು. ಜಮಖಂಡಿಯ ರಾ. ದ. ರಾನಡೆಯವರು 1914ರಿಂದ ಅಲ್ಲಿ ತತ್ತ್ವಜ್ಞಾನ ಹೇಳಿದರು.

ಪದ್ಧತಿಯೂ ಹೊಳೆ ದಾಟಿ ಬಂದಿತು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಪುಣೆಯ ಈ ಮಾದರಿಯನ್ನು ಕಣ್ಣ ಮುಂದಿಟ್ಟುಕೊಂಡು ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಕಟ್ಟಿದರು. ಜನರು ಅವರನ್ನು ಸಪ್ತರ್ಷಿಗಳೆಂದರು. ಶಾಲೆಯಿಂದ ಆರಂಭವಾದ ಆ ಸಂಸ್ಥೆಗೆ 1933ರಲ್ಲಿ ಲಿಂಗರಾಜ ಕಾಲೇಜು ಆಯಿತು. ಆ ಏಳು ಜನರಲ್ಲೊಬ್ಬರಾದ ಶಿ. ಶಿ. ಬಸವನಾಳರೂ, ಆ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಲು ತಮಿಳು ಸೀಮೆಯಿಂದ ಬಂದಿದ್ದ ಕೆ. ಆರ್. ಶ್ರೀನಿವಾಸ ಅಯ್ಯಂಗಾರರೂ ಕೂಡಿ ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದರು. ಪುಸ್ತಕ 1940ರಲ್ಲಿ ಅಚ್ಚಾಯಿತು. ಯಾವ ವೇಳಾಪತ್ರಿಕೆಯಲ್ಲಿಯೂ ಆ ಕೆಲಸಕ್ಕೆ ತಾಸು ಗೊತ್ತುಮಾಡಿರಲಾರರು.

ನಿಮ್ಮ ವ್ಯಾಜ್ಯದ ಎರಡೂ ಪಕ್ಷದವರು ಈ ಸಭೆಯಲ್ಲಿಯೇ ಕುಳಿತಿದ್ದೀರಿ. ನನ್ನ ಹೊತ್ತು ಮುಗಿಯಿತು. ಇನ್ನು ನಿಮ್ಮ ಮಾತನ್ನು ನಾನು ಕೇಳುವೆನು.