ಸೂರು ಹೊದ್ದ ಸೇತುವೆ
(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ವರದಿಯನ್ನು ಕಾರ್ಯದರ್ಶಿಗಳು ಈಗಾಗಲೇ ಓದಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮಗೆ ಬೇಸರ ತರಿಸುವುದಿಲ್ಲ. ಕೆನಡಾ ದೇಶದ ಒಂದು ಮರದ ಸೇತುವೆಯ ವಿಚಾರ ಹೇಳುತ್ತೇವೆ. ಮಳೆಗಾಲಕ್ಕೆ ಮುಂಚೆ ಅಡಿಕೆ ಮರ ಕಡಿದು ಸಂಕ ಹಾಕುವ ನಮ್ಮಂಥವರಿಗೆ ಅದು ಬೇಗ ಅರ್ಥವಾಗುತ್ತದೆ.

ಅಲ್ಲಿನ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ, ಸೇಂಟ್ ಜಾನ್ ನದಿಯ ದಡದಲ್ಲಿ, ಹಾರ್ಟ್‌ಲ್ಯಾಂಡ್ ಎಂಬ ಸಣ್ಣ ಊರಿದೆ. ಎರಡೂ ದಡದ ಜನ ಸೇರಿ ಒಂದು ಕಂಪನಿ ಮಾಡಿಕೊಂಡು ಸೇತುವೆ ಕಟ್ಟಿದರು. 1901ರ ಜುಲೈ 4ರಂದು ಉದ್ಘಾಟನೆ. ಆದರೆ ಅದಕ್ಕೂ ಮೊದಲೇ, ಮೇ 14ರಂದು, ತುರ್ತು ಕರೆ ಬಂದು ಎಸ್ಟಿ ಎಂಬ ಡಾಕ್ಟರು ಹೊಳೆ ದಾಟಬೇಕಾಯಿತು. ಕೆಲಸದವರು ಹಲಗೆ ಹಾಸಿಕೊಟ್ಟರು, ಡಾಕ್ಟರ ಗಾಡಿ ದಾಟಿತು. ನಮ್ಮ ಲೆಕ್ಕದಲ್ಲಿ ಉದ್ಘಾಟನೆ ಆದದ್ದು ಆವತ್ತೇ!

ಅದು ನಮ್ಮದರಂತೆ ಸಹಕಾರ ಸಂಘವಲ್ಲ, ಸುಂಕ ವಸೂಲಿ ಮಾಡುವ ಕಂಪನಿ. 1906ರಲ್ಲಿ ಪ್ರಾಂತ್ಯ ಸರ್ಕಾರ ಸೇತುವೆಯನ್ನು ಕೊಂಡುಕೊಂಡಿತು, ಸುಂಕವೂ ನಿಂತಿತು.

ಆಗಿನ್ನೂ ಅದಕ್ಕೆ ಮಾಡು ಇರಲಿಲ್ಲ. 1920ರಲ್ಲಿ ಹೊಳೆಯ ಮಂಜುಗಡ್ಡೆ ಒಡೆದು ಬಂದು ಎರಡು ಅಂಕಣ ಕಿತ್ತುಹೋದವು. ದುರಸ್ತಿ ಮಾಡಿ, ಕಾಂಕ್ರೀಟ್ ಕಂಬ ಕೊಟ್ಟು, ಮೇಲೆ ಸೂರು, ಪಕ್ಕಕ್ಕೆ ಹಲಗೆ ಗೋಡೆ ಹಾಕಿ 1922ರಲ್ಲಿ ಮತ್ತೆ ತೆರೆದರು. ಈ ಸೂರು ದಾಟುವವರು ನೆನೆಯದಿರಲಿ ಅಂತಲ್ಲ, ನೋಡಿ. ಭಾರ ಹೊರುವುದು ಎರಡು ಪಕ್ಕದ ಮರದ ಚೌಕಟ್ಟು. ಓರೆ ತೊಲೆಗಳು ಸೇರುವ ಕೀಲಿನಲ್ಲಿ ನೀರು ನಿಂತರೆ ಮರ ಒಳಗಿಂದಲೇ ಕುಂಬಾಗುತ್ತದೆ. ಮೇಲಿಂದ ಕಾಣುವುದೇ ಇಲ್ಲ. ತೆರೆದ ಮರದ ಸೇತುವೆ ಹತ್ತು ಹದಿನೈದು ವರ್ಷ ಬಂದರೆ ಹೆಚ್ಚು; ಸೂರಿದ್ದರೆ ತಲೆಮಾರುಗಟ್ಟಲೆ ಬರುತ್ತದೆ. ಮರದ ಜೊತೆ ನೆಟ್ಟಗೆ ಕಬ್ಬಿಣದ ಸರಳುಗಳೂ ಇವೆ. ಮರ ಒಣಗಿ ಸಡಿಲವಾದರೆ ನಟ್ಟು ಬಿಗಿ ಮಾಡಿದರಾಯ್ತು. ಆದರೆ ಬಿಗಿ ಮಾಡುವವರು ಬೇಕಲ್ಲ! ಕಟ್ಟಡ ಕಟ್ಟಲು ಎಲ್ಲರೂ ಕೈ ಎತ್ತುತ್ತಾರೆ, ಹೆಂಚು ಬದಲಿಸುವ ಬಾಬ್ತು ಬಂದಾಗ ಮುಂದಿನ ವರ್ಷ ನೋಡೋಣ ಅಂತಾರೆ. ನಮ್ಮ ಗೋದಾಮನ್ನು ನೆನೆದೇ ಈ ಮಾತು ಹೇಳಿದ್ದು; ಯಾರೂ ತಪ್ಪು ತಿಳಿಯಬಾರದು.

ಸೂರು ಹಾಕುವಾಗ ಹಾರ್ಟ್‌ಲ್ಯಾಂಡ್‌ನಲ್ಲೂ ತಕರಾರು ಎದ್ದಿತ್ತು. ಖರ್ಚಿನದಲ್ಲ, ಒಳಗೆ ಕತ್ತಲಾದರೆ ಹುಡುಗ ಹುಡುಗಿಯರು ಕೆಡುತ್ತಾರೆ ಅಂತ. 1924ರಲ್ಲಿ ವಿದ್ಯುದ್ದೀಪ ಬಂತು. ಚಳಿಗಾಲದಲ್ಲಿ ಇನ್ನೊಂದು ಫಜೀತಿ: ಸೂರಿನಿಂದಾಗಿ ಒಳಗೆ ಹಿಮ ಬೀಳದು, ಹಿಮವಿಲ್ಲದೆ ಜಾರುಬಂಡಿ ಓಡದು. ಹೊರಗಿನ ಹಿಮವನ್ನೇ ಹೊತ್ತು ತಂದು ಹಲಗೆಯ ಮೇಲೆ ಹರಡುತ್ತಿದ್ದರು.

1945ರಲ್ಲಿ ನಡೆದು ಹೋಗುವವರಿಗೆ ಪಕ್ಕದಲ್ಲಿ ಬೇರೆ ದಾರಿ ಮಾಡಿದರು. 1960ರಲ್ಲಿ ಸಮೀಪದಲ್ಲೇ ಹೊಸ ಸೇತುವೆ ಬಂತು. ಇನ್ನು ಹಳೆಯದೇಕೆ, ಕೆಡವಿಬಿಡಿ ಎನ್ನುವುದು ಸುಲಭವಿತ್ತು. ಕೆಡವಲಿಲ್ಲ. 1980ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಸ್ಥಳವಾಯಿತು. ಉದ್ದ 1,282 ಅಡಿ. ಸೂರುಳ್ಳ ಸೇತುವೆಗಳಲ್ಲಿ ಜಗತ್ತಿಗೇ ಉದ್ದದ್ದು. ಒಳಗೆ ಒಂದೇ ಗಾಡಿಗೆ ಜಾಗ. ಎದುರಿನ ಕಾರು ಹೊರಬರುವ ತನಕ ಈಚೆಯವರು ದಡದಲ್ಲಿ ಕಾಯಬೇಕು.